ಬೆಳಕಿಂಡಿಯ ಕೌದಿ

ಮಗಳ ಬಾಣಂತನಕ್ಕೆಂದು ದತ್ತಾತ್ರಿ ಹುಬ್ಬಳ್ಳಿಯಿಂದ ಗ್ಯಾಸ್ ಗೀಜರ್ ತರಿಸಿದಾಗ ಬೆಟಗೇರಿಯ ಆ ಓಣಿಯಲ್ಲಿ ಅದನ್ನು ನೋಡಲು ಬಾರದವರು ಉಳಿಯಲಿಲ್ಲ. ತಹಶೀಲ್ದಾರ ಕಚೇರಿಯ ಗುಮಾಸ್ತನಾದ ದತ್ತಾತ್ರಿಗೆ ಹೊಸದು ಏನೇ ಬಂದರೂ ಓಣಿಯಲ್ಲಿ ಮೊದಲು ತನ್ನ ಮನೆಗೇ ಬರಬೇಕು. ಮೊದಲ ಗ್ಯಾಸಿನ ಒಲೆ ಅವನದು, ಮೊದಲ ಮಿಕ್ಸರ್ ಅವನದು. ಈಗ ಬಚ್ಚಲಮನೆಯ ಗೋಡೆಗೆ ಬಿಳಿಯ ಡಬ್ಬಿಯೊಂದನ್ನು ಬಡಿಸಿ, ಸಿಲಿಂಡರನ್ನು ಹಿತ್ತಲಕಟ್ಟೆಯ ಮೇಲಿರಿಸಿ, ಬಂದವರ ಕೈಯನ್ನೆಲ್ಲ ನಳದ ಕೆಳಗೆ ಹಿಡಿಸಿ ಬಿಸಿನೀರು ಮುಟ್ಟಿಸಿದ. ಹುಟ್ಟಿದಾಗಿನಿಂದ ಬಿಸಿನೀರು ಕಂಡವರೇ ಅವರೆಲ್ಲ, ಆದರೂ ಅಂದು ಹುಬ್ಬೇರಿಸಿಕೊಂಡು ಹೋದರು.

ಮುಟ್ಟದವಳು ಅವನ ತಾಯಿ ಸುಂದರಾಬಾಯಿ ಒಬ್ಬಳೇ. ಮಡಿಯುಟ್ಟು ಬಾಗಿಲಲ್ಲಿ ನಿಂತು ನೋಡಿ, "ಇದೂ ನೀರು ಕಾಸೋ ಬಂಬನ ಹೌದಲ್ಲೋ ದತ್ತೂ. ಗ್ವಾಡಿಗೆ ನೇತುಹಾಕಿದ ಬಂಬ," ಎಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಗ್ಯಾಸಿನ ಬಂಬ ಎಂದೇ ಹೆಸರಾಯಿತು.

ಅಲ್ಲಿಯವರೆಗೆ ಆ ಮನೆಯಲ್ಲಿ ನೀರು ಕಾಯುತ್ತಿದ್ದದ್ದು ತಾಮ್ರದ ಹಂಡೆಯಲ್ಲಿ. ಹಂಡೆ ಬಚ್ಚಲಮನೆಯ ಒಳಗಿದ್ದರೂ ಅದರ ಒಲೆಯ ಬಾಯಿ ಹಿತ್ತಲಿಗಿತ್ತು. ಉರಿ, ಹೊಗೆ, ಬೂದಿ ಎಲ್ಲವೂ ಹೊರಗೆ, ಬಿಸಿನೀರು ಮಾತ್ರ ಒಳಗೆ. ಮಳೆಯಿರಲಿ ಚಳಿಯಿರಲಿ, ಹೊರಗೆ ಕುಕ್ಕರುಗಾಲಲ್ಲಿ ಕೂತು ಕಟ್ಟಿಗೆ ತುರುಕಿ ಕಣ್ಣೊರೆಸಿಕೊಳ್ಳುತ್ತಿದ್ದವಳು ದತ್ತಾತ್ರಿಯ ಹೆಂಡತಿ ಜಾನಕೀಬಾಯಿ. ಆದ್ದರಿಂದ ಬಂಬ ಬಂದದ್ದಕ್ಕೆ ಬಾಯಿಬಿಟ್ಟು ಹೇಳದಿದ್ದರೂ ಅತಿ ಹೆಚ್ಚು ಸಂತೋಷಪಟ್ಟವಳು ಅವಳೇ.

"ನಂದೊಂದು ಮಾತು ಅದ," ಎಂದಳು ಸುಂದರಾಬಾಯಿ. "ಬಾಣಂತಿ ನೀರು ಹಾಕ್ಕೊಳ್ಳೋ ಮುಂದ ಒಂದೆಳಿ ಗಾಳಿ ಒಳಗ ಬರಬಾರದು. ಬಚ್ಚಲ ಗ್ವಾಡ್ಯಾಗಿನ ಆ ಬೆಳಕಿಂಡಿ ಮುಚ್ಚಬೇಕು."

"ಮುಚ್ಚಿದ್ರ ಕತ್ತಲಿ ಆಗ್ತದಲ್ಲ ಅವ್ವಾ."

"ಆಗಲಿ. ಬಲ್ಬ್ ಹಚ್ಚಿದ್ರಾತು."

ಈ ವಿಷಯದಲ್ಲಿ ಅವಳಿಗೆ ಎದುರು ಮಾತಾಡುವವರು ಮನೆಯಲ್ಲಿರಲಿಲ್ಲ. ಸುಂದರಾಬಾಯಿಗೆ ಮಥುರಾ ಎಂಬ ಮಗಳಿದ್ದಳು. ಬಾಣಂತಿಯಾಗಿದ್ದಾಗ ಒಂದು ಥಂಡಿಯ ಬೆಳಿಗ್ಗೆ ನೀರು ಹಾಕಿಸಿಕೊಂಡು ಬಂದವಳಿಗೆ ನಡುಕ ಹತ್ತಿತು, ಜ್ವರ ಏರಿತು, ಅದೇ ಜ್ವರದಲ್ಲಿ ಹೋದಳು. ಅಂದು ಬೆಳಕಿಂಡಿ ತೆರೆದಿತ್ತಂತೆ. ಮೂವತ್ತು ವರ್ಷಗಳ ಮೇಲೂ ಆ ಮುದುಕಿಯ ಎದೆಯಲ್ಲಿ ಆ ಬೆಳಕಿಂಡಿ ಮುಚ್ಚಿರಲಿಲ್ಲ. ಹಳೆಯ ಕೌದಿಯೊಂದನ್ನು ಸುರುಳಿ ಸುತ್ತಿ, ಮಣೆಯ ಮೇಲೆ ನಿಂತು ತಾನೇ ತುರುಕಿ, ಅಂಗೈಯಿಂದ ಸುತ್ತಲೂ ಒತ್ತಿ ನೋಡಿದಳು.

ದತ್ತಾತ್ರಿಯ ಮಗಳು ತುಳಸಾ ಮುಂಡರಗಿಯ ಸೊಸೆ. ಗಂಡ ಗೋಪಾಲ ಅಲ್ಲಿ ಹೈಸ್ಕೂಲು ಮಾಸ್ತರ. ಚೊಚ್ಚಲ ಹೆರಿಗೆ ಸುಸೂತ್ರವಾಗಿ ಆಗಿ, ಹೆಣ್ಣು ಕೂಸನ್ನು ಎತ್ತಿಕೊಂಡು ತುಳಸಾ ದವಾಖಾನೆಯಿಂದ ಟಾಂಗಾದಲ್ಲಿ ಮನೆಗೆ ಬಂದಾಗ ಪುಷ್ಯದ ಚಳಿ ಹಲ್ಲು ಕಡಿಸುತ್ತಿತ್ತು. ಹತ್ತು ದಿನದ ವೃದ್ಧಿಸೂತಕ ಕಳೆದ ಮೇಲೆ ದಿನದ ಎಣ್ಣೆನೀರು ಶುರುವಾಯಿತು. ಜಾನಕೀಬಾಯಿ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮೊದಲು ಎರೆಯುವಳು. ಬಾಗಿಲನ್ನು ಒಂದಿಷ್ಟೇ ಸರಿಸಿ, ಹೊರಗೆ ಕೂತ ಸುಂದರಾಬಾಯಿಯ ಕೈಗೆ ಕೂಸನ್ನು ಕೊಟ್ಟು, ಮತ್ತೆ ಬಾಗಿಲು ಹಾಕುವಳು. ಆಮೇಲೆ ತುಳಸಾನ ಬೆನ್ನು ಸೊಂಟಗಳ ಮೇಲೆ ತಂಬಿಗೆ ತಂಬಿಗೆ ಸುಡುನೀರು. ಚರ್ಮ ಕೆಂಪಗಾಗುವತನಕ ಬಿಡುವಂತಿಲ್ಲ.

ಮೊದಲ ದಿನವೇ, ತುಳಸಾನ ತಲೆಗೆ ಸೀಗೆಕಾಯಿ ಹಚ್ಚಿದ್ದಾಗ, ಗೋಡೆಯ ಮೇಲೆ ಟಕ್ ಎಂದು ಸದ್ದಾಯಿತು. ಬಂಬದ ಉರಿ ಆರಿತು. ನಳದಿಂದ ತಣ್ಣೀರು ಬಂತು.

"ಅವ್ವಾ, ಥಂಡಿ, ಥಂಡಿ," ಎಂದು ತುಳಸಾ ಮುದುಡಿಕೊಂಡಳು.

ಹೊರಗೆ ಕೂತಿದ್ದ ಸುಂದರಾಬಾಯಿ ಕೂಸನ್ನು ಎದೆಗವಚಿಕೊಂಡು ಎದ್ದಳು. ಗಡಬಡಿಸಿ ಅಡಿಗೆಮನೆಯಲ್ಲಿ ಪಾತೇಲಿ ಏರಿಸಿ, ಕಾದಷ್ಟು ನೀರನ್ನು ತಂದು ಮುಗಿಸಿದರು. ಮಧ್ಯಾಹ್ನ ಊಟಕ್ಕೆ ಬಂದ ದತ್ತಾತ್ರಿಯ ತಾಟಿಗೆ ಸಾರು ಬೀಳುವ ಮೊದಲೇ ಮಾತು ಬಿತ್ತು.

"ನಿನ್ನ ಬಂಬದ ಶೋಕಿಗೆ ನನ್ನ ಮೊಮ್ಮಗಳ ಜೀವಾ ಕೊಡ್ತೀಯೇನೋ?"

"ಇವ್ರಿಗೆ ನಡಸ್ಲಿಕ್ಕೆ ಬಂದಿಲ್ಲ ಅವ್ವಾ. ಅದರಾಗ ಏನು ಖೋಡಿ ಇಲ್ಲ."

"ನಳಾ ತಿರುವೋದು ನನಗ ಬರೂದಿಲ್ಲೇನ್ರಿ?" ಎಂದಳು ಜಾನಕೀಬಾಯಿ.

ಉಣ್ಣುವುದನ್ನು ಬಿಟ್ಟು ದತ್ತಾತ್ರಿ ಬಚ್ಚಲಿಗೆ ಹೋದ. ಬಾಗಿಲು ತೆರೆದೇ ಇತ್ತು. ತೊಯ್ದ ಕೌದಿಯನ್ನು ಅಜ್ಜಿ ಆಗಲೇ ತೆಗೆದು ಹಿತ್ತಲ ಹಗ್ಗದ ಮೇಲೆ ಒಣಗಹಾಕಿದ್ದಳು. ಬಂಬ ಹೊತ್ತಿಸಿದ, ಬಕೆಟ್ಟುಗಟ್ಟಲೆ ನೀರು ಬಿಟ್ಟ. ಉರಿ ನೀಲಿಯಾಗಿ, ಒಳ್ಳೆಯ ನಡತೆಯ ಹುಡುಗನ ಹಾಗೆ ಉರಿಯಿತು. "ನೋಡ್ರಿ," ಎಂದು ಎಲ್ಲರನ್ನೂ ಕರೆದು ತೋರಿಸಿ, ಆರಿದ ಸಾರನ್ನು ಸಮಾಧಾನದಿಂದ ಉಂಡ.

ಮರುದಿನ ತುಳಸಾ ಕೂತಳು. ಟಕ್.

ಹಿತ್ತಲ ಗೋಡೆಯ ಆಚೆ ದಸ್ತಗೀರಸಾಬನ ಮನೆ. ಮದುವೆಗಳಿಗೆ ಪೆಟ್ರೋಮ್ಯಾಕ್ಸ್ ಕೊಡುವವನು, ಸ್ಟೋ ರಿಪೇರಿ ಮಾಡುವವನು, ಬಂಬವನ್ನು ಗೋಡೆಗೆ ಕೂಡಿಸಿದವನೂ ಅವನೇ. ಕರೆದ ಕೂಡಲೆ ಬಂದು ಡಬ್ಬಿಯ ಮುಚ್ಚಳ ತೆಗೆದ.

"ಇಲ್ಲಿ ನೋಡ್ರಿ ರಾಯರ. ಈ ಸಣ್ಣ ಉರಿ ಯಾವಾಗಲೂ ಹತ್ತಿರತೈತಿ. ಅದರ ಬಾಜೂಕ ಈ ತಾಮ್ರದ ಬಟ್ಟು, ಬೆರಳಿನಂಗ ಕಾಣೂದು. ಉರಿ ಬಟ್ಟಿಗೆ ಬಡೀತಿರೂತನಕ ಗ್ಯಾಸ್ ಬರತೈತಿ. ಉರಿ ಸರದು ಬಟ್ಟು ತಣ್ಣಗಾತಂದ್ರ ಟಕ್ ಅಂತ ಬಂದ್."

"ಯಾಕ ಸರೀತದ?"

"ಮಸಿ ಕೂತಿರಬೇಕ್ರಿ."

ಸ್ಟೋ ಪಿನ್ನಿನಿಂದ ಚುಚ್ಚಿ, ಊದಿ, ಒರೆಸಿ ಹಚ್ಚಿಕೊಟ್ಟ. ಹೊರಗಿನ ಗಂಡಸು ಒಳಗಿದ್ದಾನೆಂದು ಬಾಗಿಲು ಪೂರ್ತಿ ತೆರೆದಿತ್ತು, ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಉರಿ ಸ್ವಲ್ಪವೂ ಅಲುಗಲಿಲ್ಲ. ಮರುದಿನ ಮತ್ತೆ ಟಕ್. ಅವನು ಮತ್ತೆ ಬಂದ, ಸಿಲಿಂಡರ್ ಬದಲಿಸಿ ನೋಡಿದ, ರಬ್ಬರಿನ ಪೈಪು ಬದಲಿಸಿದ, ಗ್ಯಾಸಿನ ವಾಸನೆಗಾಗಿ ಸಂದುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿದ. ಎಲ್ಲ ಸರಿಯಿತ್ತು. ಅವನ ಮುಂದೆ ಬಂಬ ಆರಿದ್ದು ಒಮ್ಮೆಯೂ ಇಲ್ಲ.

"ನನ್ನ ಕಂಡ್ರ ಶ್ಯಾಣ್ಯಾ ಆಗತೈತ್ರಿ ಇದು. ಇದರ ಮರ್ಮಾ ನನಗ ತಿಳೀವಲ್ದು," ಎಂದು ತಲೆ ಕೆರೆದುಕೊಂಡ.

"ಹಚ್ಚೋ ಮುಂದ ಒತ್ತೋ ಈ ಗುಂಡಿ ಹಂಗ ಒತ್ತಿ ಹಿಡದ್ರ ಆರೂದಿಲ್ಲ, ಹೌದಲ್ಲ?" ಎಂದ ದತ್ತಾತ್ರಿ. "ತಂತಿ ಸುತ್ತಿ ಒತ್ತಿ ಕಟ್ಟಿಬಿಡು ಮತ್ತ."

"ನಾ ಕಟ್ಟಂಗಿಲ್ರಿ ರಾಯರ. ಮಾಡಿದವ್ರು ಅದನ್ನ ಸುಮ್ಮನ ಇಟ್ಟಿರಂಗಿಲ್ಲ."

"ಯಾಕ ಇಟ್ಟಾರ, ಹೇಳಲ್ಲ."

"ಉರಿ ಆರಿದಾಗ ಗ್ಯಾಸ್ ತುಂಬಬಾರದಂತ. ಅಷ್ಟ ಗೊತ್ತು ನನಗ. ಯಾಕ ಆರತೈತಿ ಅನ್ನೂದು ತಿಳೀಲಾರದ ಹೆಂಗ ಕಟ್ಟೂದ್ರಿ? ಇನ್ನೊಂದೆರಡು ದಿನ ನೋಡೂನು."

ಹೀಗೆ ದಿನ ಕಳೆಯತೊಡಗಿದವು. ಬಂಬ ಅರ್ಧ ನೀರು ಕೊಡುವುದು, ಉಳಿದರ್ಧ ಪಾತೇಲಿಯಿಂದ ಬರುವುದು. ಹಂಡೆಯ ಒಲೆಗೆ ಕಟ್ಟಿಗೆ ತರಿಸುವುದನ್ನು ದತ್ತಾತ್ರಿ ಬಂಬ ಬಂದ ದಿನವೇ ನಿಲ್ಲಿಸಿದ್ದ. ಈ ನಡುವೆ ತುಳಸಾನಿಗೆ ತಲೆನೋವು ಶುರುವಾಯಿತು. ನೀರು ಹಾಕಿಸಿಕೊಂಡು ಬಂದು ಹೊಚ್ಚಿಕೊಂಡು ಮಲಗಿದರೆ ಹಣೆ ಸಿಡಿಯುವುದು, ಹೊಟ್ಟೆ ತೊಳೆಸುವುದು. ಬಾಣಂತಿಗೆಂದೇ ಮಾಡಿದ ಅಳವಿಯ ಪಾಯಸ ತುಟಿಗಿಟ್ಟು ದೂರ ಸರಿಸುವಳು. ಸುಂದರಾಬಾಯಿ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಡಾಕ್ಟರು ನೋಡಿ, ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು.

"ಜ್ವರಾ ಇಲ್ಲಲಾ?" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಮೊಮ್ಮಗಳ ಕುತ್ತಿಗೆ ಮುಟ್ಟಿ ನೋಡುವಳು. "ಮಥುರಾಗೂ ಮೊದಲ ತಲಿನ ಹಿಡಕೊಂಡಿತ್ತು."

"ಸುಮ್ಮನಿರ್ರಿ ಅತ್ಯಾ, ಹುಡುಗಿ ಹೆದರತಾಳ."

"ನಾ ಹೆದರೀನಲ್ಲ, ಅದಕ್ಕ ಏನು ಮಾಡ್ತಿ?"

ಜಾನಕೀಬಾಯಿಗೂ ತಲೆ ನೋಯುತ್ತಿತ್ತು. ಅದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅತ್ತೆ ಮೊದಲ ದಿನವೇ, "ನಾ ಈ ಮನ್ಯಾಗ ಎಷ್ಟು ಬಾಣಂತನ ಮಾಡೀನಿ, ಒಂದು ದಿನಾನೂ ಅಡ್ಡಾಗಲಿಲ್ಲ," ಎಂದಿದ್ದಳು. ಆ ಮಾತು ಕಿವಿಯಲ್ಲಿರುವಾಗ ಯಾವ ಸೊಸೆ ತಲೆನೋವೆಂದು ಮಲಗಿಯಾಳು? ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ಸುಂಠಿ ತೇದು ಹಣೆಗೆ ಹಚ್ಚಿಕೊಂಡು, ಒಣಗಿದ ಮೇಲೆ ತೊಳೆದು ಒಳಗೆ ಬರುವಳು. ಅದನ್ನು ಕಂಡವಳು ಗೋಡೆಯಾಚೆಯ ದಸ್ತಗೀರಸಾಬನ ಹೆಂಡತಿ ದಿಲಶಾದಬಿ ಒಬ್ಬಳೇ. ತಾಯಿಯ ತಲೆನೋವು ಮಗಳಿಗೂ ತಿಳಿಯಲಿಲ್ಲ. ತಿಳಿದಿದ್ದರೆ, ಬಾಣಂತಿಯಲ್ಲದವಳಿಗೂ ಅದೇ ನೋವು ಯಾಕೆ ಎಂದು ಯಾರಾದರೂ ಕೇಳುತ್ತಿದ್ದರೋ ಏನೋ.

ಒಂದು ಭಾನುವಾರ ಮುಂಡರಗಿಯಿಂದ ಅಳಿಯ ಬಂದ. ಹೋಳಿಗೆ ಉಂಡು, ಅಡಿಕೆ ಬಾಯಿಗೆ ಹಾಕಿಕೊಂಡು, ಹೆಂಡತಿಯ ಸೋತ ಮುಖವನ್ನೇ ನೋಡುತ್ತ ಮೆಲ್ಲಗೆ ಮಾತು ತೆಗೆದ.

"ನಮ್ಮ ಅವ್ವ ಅಂದ್ಲು ಮಾವಾ. ತೊಟ್ಟಿಲ ಕಾರ್ಯ ಆದಕೂಡ್ಲೆ ಮುಂಡರಗಿಗೆ ಕರಕೊಂಡು ಬಾ, ನಮ್ಮಲ್ಲಿ ಕಟಿಗಿ ಒಲಿ ಅದ, ನೀರಿಗೇನೂ ತ್ರಾಸಿಲ್ಲ ಅಂತ."

ದತ್ತಾತ್ರಿಯ ಕಿವಿ ಕೆಂಪಾದವು. ಮಗಳ ಬಾಣಂತನಕ್ಕೆ ಬಿಸಿನೀರು ಕೊಡಲಾರದ ತವರು ಎಂದು ಬೀಗರು ಹೇಳಿ ಕಳಿಸಿದ್ದರು. ಓಣಿಗೆಲ್ಲ ಬಿಸಿನೀರು ಮುಟ್ಟಿಸಿದ್ದ ಮನುಷ್ಯ ಇದನ್ನು ಹೇಗೆ ನುಂಗಬೇಕು? ಅಳಿಯನನ್ನು ಬಸ್ಸಿಗೆ ಹತ್ತಿಸಿ ಬಂದವನೇ ಸೀದಾ ಬಚ್ಚಲಿಗೆ ಹೋಗಿ, ಗುಂಡಿಯನ್ನು ಒತ್ತಿ ಹಿಡಿದು, ತಾಮ್ರದ ತಂತಿಯನ್ನು ಅದರ ಮೇಲೆ ಬಿಗಿಯಾಗಿ ಸುತ್ತಿ, ಇಕ್ಕಳದಿಂದ ತಿರುವಿದ.

"ದಸ್ತಗೀರಸಾಬ ಬ್ಯಾಡಂದಿದ್ದನಲ್ರೀ," ಎಂದಳು ಜಾನಕೀಬಾಯಿ.

"ಅವನಿಗೇ ತಿಳೀವಲ್ತಂತ. ನೀ ಸುಮ್ಮನಿರು."

ಮರುದಿನ ಬಂಬ ಆರಲಿಲ್ಲ. ಅದರ ಮರುದಿನವೂ ಆರಲಿಲ್ಲ. ತಂಬಿಗೆ ತಂಬಿಗೆ ಸುಡುನೀರು, ಬಚ್ಚಲ ತುಂಬ ಹಬೆ. ಸುಂದರಾಬಾಯಿಯೂ ಒಲ್ಲದ ಮನಸ್ಸಿನಿಂದ, "ಈಗ ಖರೇ ಬಂಬ ಆತು ನೋಡು," ಎಂದಳು. ದತ್ತಾತ್ರಿ ಎರಡು ಭಕ್ಕರಿ ಹೆಚ್ಚಿಗೆ ಉಂಡ. ತುಳಸಾನ ತಲೆಗೆ ನೀರೆರೆಯುತ್ತ ಜಾನಕೀಬಾಯಿ ಮಾತ್ರ ಒಮ್ಮೊಮ್ಮೆ ಡಬ್ಬಿಯ ಕಿಂಡಿಯತ್ತ ನೋಡುವಳು. ನೀಲಿಯಾಗಿ ಬಟ್ಟಿಗೆ ಬಡಿಯುತ್ತಿದ್ದ ಸಣ್ಣ ಉರಿ, ನೀರು ಹಾಕುತ್ತ ಹೋದ ಹಾಗೆ ಹಳದಿಯಾಗಿ ಉದ್ದವಾಗುತ್ತಿತ್ತು. ಬಟ್ಟನ್ನು ಬಿಟ್ಟು ಅತ್ತಿತ್ತ ಏನನ್ನೋ ಹುಡುಕುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಕಾರಣವಿಲ್ಲದೆ ಅಂಜಿಕೆಯಾಗುತ್ತಿತ್ತು. ಆದರೆ ನೀರು ಬಿಸಿಯಾಗಿಯೇ ಬರುತ್ತಿತ್ತು, ಅಂಜಿಕೆಯ ಮಾತನ್ನು ಯಾರ ಮುಂದೆ ಹೇಳುವುದು?

ಮನೆಯ ಮೇಲೆ ಏನೋ ಕವಿಯಿತು. ಬಚ್ಚಲಿಂದ ಬಂದ ತುಳಸಾ ಹೊಸಿಲು ದಾಟುವಾಗ ಕಾಲು ಸೋತು ಗೋಡೆ ಹಿಡಿದಳು. ತುಟಿ, ಕೆನ್ನೆ ಕೆಂಪಗೆ ಹೊಳೆಯುತ್ತಿದ್ದವು. ನೋಡಿದವರು ಬಾಣಂತಿಗೆ ಒಳ್ಳೆ ಕಳೆ ಬಂದಿದೆ ಎಂದರು. ಕೂಸು ಅಳುವುದನ್ನು ಕಡಿಮೆ ಮಾಡಿತು. ಎರೆದ ಮೇಲೆ ಮಧ್ಯಾಹ್ನದವರೆಗೂ ಮೊಲೆ ಕೇಳದೆ ಮಲಗಿರುವುದು. "ಎಷ್ಟು ಗುಣವಂತಿ ಕೂಸು," ಎಂದು ನೆರೆಹೊರೆಯವರು ಹೊಗಳಿದರು. ಒಂದು ದಿನ ಭಕ್ಕರಿ ಬಡಿಯುತ್ತ ಜಾನಕೀಬಾಯಿ ಕೂತಲ್ಲೇ ತೂಕಡಿಸಿದಳು. ಹಂಚಿನ ಮೇಲಿನ ಭಕ್ಕರಿ ಕರಕಾಗಿ ಹೊಗೆಯೆದ್ದಾಗ ಸುಂದರಾಬಾಯಿ ಬಂದು ನೋಡಿದಳು.

"ಏನಾಗೇದ ನಿನಗ?"

"ಏನಿಲ್ರಿ ಅತ್ಯಾ. ನಿದ್ದಿ ಕಡಿಮಿ ಆಗೇದ."

ಸುಂದರಾಬಾಯಿ ಬೈಯಲಿಲ್ಲ. ಅವಳ ಮುಖದಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ಮಥುರಾ ಹೋದ ಮನೆಯಲ್ಲಿ ಮತ್ತೆ ಅದೇ ಬಂದು ಕೂತಿದೆ ಎಂದು ಅವಳಿಗೆ ಖಚಿತವಾಗಿತ್ತು. ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಅಂದು ಸಂಜೆ ಕೌದಿಯ ಜೊತೆಗೆ ಹಳೆಯ ಧೋತರವನ್ನೂ ಬೆಳಕಿಂಡಿಗೆ ತುರುಕಿದಳು. ಬಾಗಿಲ ಅಡಿಗೆ ಹಾಕಲು ಗೋಣಿತಾಟನ್ನು ಮಡಿಸಿಟ್ಟಳು. ಪ್ರೀತಿಯಿಂದಲೇ ಆ ಮನೆಯಲ್ಲಿ ಒಂದೊಂದು ಕಿಂಡಿ ಮುಚ್ಚುತ್ತ ಬಂತು.

ತೊಟ್ಟಿಲ ಕಾರ್ಯಕ್ಕೆ ಇನ್ನು ಕೆಲವೇ ದಿನ ಇರುವಾಗ ಜಾನಕೀಬಾಯಿ ಹೊರಗಾದಳು. ಸಂಪ್ರದಾಯದ ಮನೆ. ಅವಳಿಗೆ ಹಿತ್ತಲಕಟ್ಟೆಯೇ ಮನೆ, ತಾಟು ತಂಬಿಗೆ ಬೇರೆ, ಯಾರನ್ನೂ ಮುಟ್ಟುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ.

"ನೀರು ಹಾಕೋರು ಯಾರ್ರಿ?" ಎಂದು ಹೊರಗಿನಿಂದಲೇ ಕೇಳಿದಳು.

"ನಾ ಇನ್ನೂ ಸತ್ತಿಲ್ಲ," ಎಂದಳು ಸುಂದರಾಬಾಯಿ.

ಮೊದಲ ದಿನ ಗುರುವಾರ ಏಕಾದಶಿ, ಬಾಣಂತಿಗೆ ಎಣ್ಣೆನೀರಿಲ್ಲ. ಶುಕ್ರವಾರ ಬೆಳಿಗ್ಗೆ ದತ್ತಾತ್ರಿ ಉಂಡು ಕಚೇರಿಗೆ ಹೋದ ಮೇಲೆ ಅಜ್ಜಿ ಮೊಮ್ಮಗಳನ್ನೂ ಕೂಸನ್ನೂ ಕರೆದುಕೊಂಡು ಬಚ್ಚಲಿಗೆ ಹೋದಳು. ಎರೆದ ಕೂಸನ್ನು ಹೊರಗೆ ತೆಗೆದುಕೊಳ್ಳುವವರು ಇರಲಿಲ್ಲ. ಮೊರದಲ್ಲಿ ಮೆತ್ತನೆಯ ಸೀರೆ ಹಾಸಿ, ಕೂಸನ್ನು ಅದರಲ್ಲಿ ಮಲಗಿಸಿ, ಬಚ್ಚಲೊಳಗೇ ಮೂಲೆಯಲ್ಲಿಟ್ಟುಕೊಂಡಳು. ಬಾಗಿಲು ಹಾಕಿದ್ದು, ಚಿಲಕ ಬಿದ್ದದ್ದು, ಗೋಣಿತಾಟು ನೆಲಕ್ಕೆ ಉಜ್ಜಿದ್ದು ಒಂದೊಂದೂ ಹಿತ್ತಲಿಗೆ ಕೇಳಿಸಿತು.

ಜಾನಕೀಬಾಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುವಂತೆಯೂ ಇಲ್ಲದೆ ಸುಮ್ಮನೆ ಬಿಸಿಲು ಕಾಯುತ್ತಿದ್ದಳು. ತಲೆಯ ಮೇಲೆ ಬೆಳಕಿಂಡಿ. ಅದರಿಂದ ಕೌದಿಯ ಒಂದು ತುದಿ ಹೊರಗೆ ಇಣುಕುತ್ತಿತ್ತು. ಒಳಗೆ ನೀರು ಬೀಳುವ ಸದ್ದು, ಅದರ ಜೊತೆಗೆ ಅತ್ತೆಯ ನಾಮಸ್ಮರಣೆ. ಕೇಶವ, ನಾರಾಯಣ, ಮಾಧವ, ಗೋವಿಂದ. ಒಂದು ಹೆಸರಿಗೆ ಒಂದು ತಂಬಿಗೆ.

ಗೋಡೆಯ ಮೇಲಿಂದ ದಿಲಶಾದಬಿ ಮುಖ ತೋರಿಸಿದಳು. "ತಲಿನೋವು ಹೆಂಗೈತ್ರಿ ಬಾಯಾರ?"

"ಇಲ್ಲ ದಿಲಶಾದ. ನಿನ್ನೆಯಿಂದ ಪೂರಾ ಇಲ್ಲ."

"ಕೆಲಸಾ ತಪ್ಪೇತಲ್ರಿ, ಅದಕ್ಕ. ತುಳಸವ್ವಂದು?"

"ಅಕೀಗೂ ನಿನ್ನೆ ಆರಾಮಿತ್ತು. ನಿನ್ನೆ ನೀರು—"

ಮಾತು ಅಲ್ಲೇ ನಿಂತಿತು. ನಿನ್ನೆ ನೀರು ಹಾಕಿರಲಿಲ್ಲ. ನಿನ್ನೆ ತಾನು ಬಚ್ಚಲಿಗೆ ಹೋಗಿರಲಿಲ್ಲ, ತುಳಸಾ ಹೋಗಿರಲಿಲ್ಲ. ಬಚ್ಚಲ ಹೊರಗೆ ಕೂಡುತ್ತಿದ್ದ ಅತ್ತೆಗೆ ಒಂದು ದಿನವೂ ತಲೆ ನೋಯಲಿಲ್ಲ. ದಸ್ತಗೀರಸಾಬ ಬಂದಾಗ ಬಾಗಿಲು ತೆರೆದಿರುತ್ತಿತ್ತು, ಕೌದಿ ಹಗ್ಗದ ಮೇಲಿರುತ್ತಿತ್ತು. ಆಗ ಬಂಬ ಆರುತ್ತಿರಲಿಲ್ಲ. ಜಾನಕೀಬಾಯಿ ತಲೆಯೆತ್ತಿ ಕೌದಿಯ ತುದಿಯನ್ನು ನೋಡಿದಳು. ಹಳದಿಯಾಗಿ ಏನನ್ನೋ ಹುಡುಕುತ್ತಿದ್ದ ಉರಿ ಕಣ್ಣ ಮುಂದೆ ಬಂತು. ಅದು ಹುಡುಕುತ್ತಿದ್ದದ್ದು ಗಾಳಿಯನ್ನು. ಉರಿಗೇ ಗಾಳಿ ಸಾಲದ ಮೇಲೆ ಒಳಗಿದ್ದವರಿಗೆ ಎಲ್ಲಿಯದು?

ಒಳಗೆ ಅತ್ತೆಯ ದನಿ ಎಳೆದುಕೊಂಡು ಬರುತ್ತಿತ್ತು. ನಾರಾಯಣ. ನಾರಾಯಣ. ಮಾಧವ ಬರಲಿಲ್ಲ. ಇನ್ನೊಮ್ಮೆ ನಾರಾಯಣ, ಅರ್ಧಕ್ಕೇ ನಿಂತಿತು. ತಂಬಿಗೆ ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದಾಯಿತು. ಆಮೇಲೆ ನಳದ ನೀರಿನ ಸದ್ದೊಂದೇ.

"ಅತ್ಯಾ," ಎಂದು ಕೂಗಿದಳು. "ತುಳಸಾ. ತುಳಸಾ, ಮಾತಾಡ."

ನೀರು ಸುರಿಯುತ್ತಲೇ ಇತ್ತು.

ಜಾನಕೀಬಾಯಿ ಕಟ್ಟೆಯಿಂದ ಎದ್ದಳು. ಅಷ್ಟು ವರ್ಷದ ಸಂಸಾರದಲ್ಲಿ ಹೊರಗಾದಾಗ ಅವಳು ಒಮ್ಮೆಯೂ ಹೊಸಿಲು ದಾಟಿದವಳಲ್ಲ. ಮರುಗಳಿಗೆಯಲ್ಲಿ ಅವಳ ಕೈ ಸಿಲಿಂಡರಿನ ಮೇಲಿತ್ತು. ತಿರುವಿ ಬಂದ್ ಮಾಡಿದಳು. ಒರಳಕಲ್ಲಿನ ಮೇಲೆ ಹತ್ತಿ, ಕೌದಿಯ ತುದಿ ಹಿಡಿದು ಜಗ್ಗಿದಳು. ಅಜ್ಜಿ ಭದ್ರವಾಗಿ ತುರುಕಿದ್ದಳು, ಅದು ಬರಲಿಲ್ಲ. ಎರಡೂ ಕೈಯಿಂದ ಜೋತುಬಿದ್ದಾಗ ಧೋತರ ಸಮೇತ ಕಿತ್ತು ಬಂತು, ಅವಳೂ ಅದರೊಂದಿಗೆ ನೆಲಕ್ಕೆ ಬಿದ್ದಳು. ಬೆಳಕಿಂಡಿಯಿಂದ ಬಿಸಿ ಉಸಿರಿನಂಥ ಹಬೆ ಹೊರಬಂತು.

"ದಿಲಶಾದ, ಬಾ, ಒಳಗ ಬಾ," ಎಂದು ಕೂಗುತ್ತ, ಮೂಲೆಯಲ್ಲಿದ್ದ ಕಬ್ಬಿಣದ ಹಾರೆಯನ್ನು ಎತ್ತಿಕೊಂಡು ಅಡಿಗೆಮನೆ ದಾಟಿ, ದೇವರ ಮನೆಯ ಮುಂದೆ ಹಾಯ್ದು ಓಡಿದಳು. ದಿಲಶಾದಬಿ ಗೋಡೆ ಹಾರಿ ಬರುವಷ್ಟರಲ್ಲಿ ಹಾರೆಯ ತುದಿ ಚಿಲಕದ ಸಂದಿಗೆ ಹೋಗಿತ್ತು. ಇಬ್ಬರೂ ಕೂಡಿ ಮೀಟಿದಾಗ ಚಿಲಕ ಕಿತ್ತು ಬಾಗಿಲು ತೆರೆಯಿತು.

ತುಳಸಾ ಗೋಡೆಗೆ ಒರಗಿದವಳು ಒಂದು ಮಗ್ಗುಲಿಗೆ ವಾಲಿದ್ದಳು. ಸುಂದರಾಬಾಯಿ ಅವಳ ಮೇಲೆ ಬೋರಲಾಗಿ ಬಿದ್ದಿದ್ದಳು. ಮೊರದಲ್ಲಿ ಕೂಸು ಬೆಚ್ಚಗೆ, ಕೆಂಪಗೆ, ಅಲುಗದೆ ಮಲಗಿತ್ತು. ಜಾನಕೀಬಾಯಿ ಮೊರವನ್ನೇ ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಬಟ್ಟೆ ಬಿಚ್ಚಿ ಥಂಡಿ ಗಾಳಿಗೆ ಹಿಡಿದಳು, ಅಂಗಾಲು ತಟ್ಟಿದಳು, ಮುಖಕ್ಕೆ ಊದಿದಳು. ಏನೂ ಆಗಲಿಲ್ಲ. ಒಳಗೆ ಇನ್ನಿಬ್ಬರಿದ್ದರು. ಕೂಸನ್ನು ಬಿಟ್ಟು ಹೋಗಬೇಕೋ, ಮಗಳನ್ನು ಬಿಟ್ಟು ಇಲ್ಲಿರಬೇಕೋ ತಿಳಿಯದೆ ಅವಳು ಬಾಗಿಲತ್ತ ಎರಡು ಹೆಜ್ಜೆ ಇಡುವುದು, ತಿರುಗಿ ಬರುವುದು ಮಾಡಿದಳು. ಅಂಥ ಗಳಿಗೆ ವೈರಿಗೂ ಬರಬಾರದು.

"ಕೂಸಿನ್ನ ನೋಡ್ರಿ ನೀವು, ಇವ್ರನ್ನ ನಾ ತರತೀನಿ," ಎಂದು ಒಳಗಿನಿಂದ ದಿಲಶಾದಬಿ ಕೂಗಿದಳು. ತುಳಸಾನ ಕಂಕುಳಿಗೆ ಕೈ ಹಾಕಿ ದರದರ ಎಳೆದು ತಂದಳು.

ಆಗ ಕೂಸು ಸೀನಿತು. ಮತ್ತೊಮ್ಮೆ ಸೀನಿ, ಮುಖ ಕಿವುಚಿ, ಸಣ್ಣಗೆ ಅಳತೊಡಗಿತು. ಜಾನಕೀಬಾಯಿ ಕೂಸನ್ನು ಬಿಸಿಲಲ್ಲಿಟ್ಟು ದಿಲಶಾದಬಿಯ ಜೊತೆ ಅತ್ತೆಯನ್ನು ಹೊರಗೆ ಹೊತ್ತು ತಂದಳು.

ತುಳಸಾ ಮೊದಲು ವಾಂತಿ ಮಾಡಿಕೊಂಡಳು, ಆಮೇಲೆ ಕಣ್ಣು ಬಿಟ್ಟಳು. ಸುಂದರಾಬಾಯಿ ಬಿಡಲಿಲ್ಲ. ಒದ್ದೆ ಸೀರೆಯಲ್ಲಿ, ಹಿತ್ತಲ ಮಣ್ಣಲ್ಲಿ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಬಿದ್ದಿದ್ದಳು. ದಸ್ತಗೀರಸಾಬ ಟಾಂಗಾ ತರಲು ಓಡಿದ್ದ. ಟಾಂಗಾದ ಗೆಜ್ಜೆ ಓಣಿಯ ತುದಿಯಲ್ಲಿ ಕೇಳಿಸುವ ಹೊತ್ತಿಗೆ ಮುದುಕಿಯ ರೆಪ್ಪೆ ಅಲುಗಿತು. ಮೊದಲು ಆಕಾಶ ನೋಡಿದಳು. ಆಮೇಲೆ ತನ್ನ ಕೈ ಹಿಡಿದ ಕೈಯನ್ನು ನೋಡಿದಳು.

"ಜಾನಕಿ, ನೀ ದೂರ ಕೂತಿದ್ದಿ ಅಲ್ಲ? ನನ್ನ ಮುಟ್ಟಿದೇನು?"

"ಮುಟ್ಟೀನ್ರಿ ಅತ್ಯಾ."

ಸುಂದರಾಬಾಯಿ ಅತ್ತಿತ್ತ ಕಣ್ಣಾಡಿಸಿದಳು. "ಕೂಸು?"

"ಅಳ್ಳಿಕ್ಕತ್ತದ, ಕೇಳ್ರಿ."

ಕೇಳಿದಳು. ಕಣ್ಣಿನ ಕೊನೆಯಿಂದ ನೀರು ಕಿವಿಯತ್ತ ಇಳಿಯಿತು. "ಹಂಗಾರ ಕೈ ಬಿಡಬ್ಯಾಡ," ಎಂದಳು.

ದವಾಖಾನೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ಡಾಕ್ಟರು ಕೇಳುತ್ತ ಹೋದರು, ಜಾನಕೀಬಾಯಿ ಹೇಳುತ್ತ ಹೋದಳು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ವಾಸನೆಯಿಲ್ಲದ ವಿಷ ಹುಟ್ಟುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಮೂರೂ ಜೀವ ಹೋಗುತ್ತಿದ್ದವು ಎಂದರು. ಕಚೇರಿಯಿಂದ ಓಡಿ ಬಂದಿದ್ದ ದತ್ತಾತ್ರಿ ಗೋಡೆಗೆ ಒರಗಿ ಕೇಳಿಸಿಕೊಂಡ. ಮಂಚದ ಹತ್ತಿರ ಹೋಗಲು ಅವನಿಗೆ ಧೈರ್ಯವಾಗಲಿಲ್ಲ.

ಮನೆಗೆ ಬಂದ ಮರುದಿನ ಅವನೇ ದಸ್ತಗೀರಸಾಬನನ್ನು ಕರೆದ. ತಂತಿ ಬಿಚ್ಚಲು ಹೋದರೆ ಇಕ್ಕಳ ಜಾರಿತು. ದಸ್ತಗೀರಸಾಬ ಮುಂದೆ ಬರಲಿಲ್ಲ, ಕಟ್ಟಿದವನೇ ಬಿಚ್ಚಲಿ ಎಂದು ನಿಂತ. ತಂತಿ ಬಿಚ್ಚಿಯಾದ ಮೇಲೆ ಬಂಬ ಹಚ್ಚಿದರು. ಸುಂದರಾಬಾಯಿ ಹೊಸಿಲ ಹೊರಗೆ ಕುರ್ಚಿಯ ಮೇಲೆ ಕೂತಿದ್ದಳು.

"ಕೌದಿ ತುರಕು," ಎಂದಳು.

"ಬ್ಯಾಡ ಅವ್ವಾ."

"ನನಗ ನೋಡಬೇಕು. ತುರಕು, ಬಾಗಲಾ ಹಾಕು."

ಕೌದಿ ತುರುಕಿ, ನಳ ಬಿಟ್ಟು, ಹೊರಗೇ ನಿಂತು ಬಾಗಿಲು ಎಳೆದುಕೊಂಡರು. ಎಲ್ಲರೂ ಕಿವಿಗೊಟ್ಟು ನಿಂತರು. ಬಹಳ ಹೊತ್ತಾದ ಮೇಲೆ ಒಳಗೆ ಟಕ್ ಎಂದಿತು. ಎಷ್ಟೋ ದಿನ ಅವರೆಲ್ಲ ಬೈದ ಸದ್ದು ಅದು.

"ನಂಗೂ ಹೊಳೀಲಿಲ್ರಿ," ಎಂದ ದಸ್ತಗೀರಸಾಬ ತಗ್ಗಿದ ದನಿಯಲ್ಲಿ. "ನಾ ಬಂದಾಗೊಮ್ಮೆ ಬಾಗಲಾ ತಗದ ಇತ್ತು."

"ಅದು ದಿನಾ ಹೇಳ್ತಿತ್ತು. ನಾವು ಅದರ ಬಾಯಿ ಕಟ್ಟಿದ್ವಿ," ಎಂದಳು ಸುಂದರಾಬಾಯಿ.

"ಕಟ್ಟಿದವ ನಾನು, ಅವ್ವಾ," ಎಂದ ದತ್ತಾತ್ರಿ.

"ಕೌದಿ ತುರುಕಿದಾಕಿ ನಾನು."

"ನನಗೂ ತಲಿ ನೋಯ್ತಿತ್ತು," ಎಂದಳು ಜಾನಕೀಬಾಯಿ. ಎಲ್ಲರೂ ಅವಳತ್ತ ತಿರುಗಿದರು. "ಮೊದಲ ದಿನದಿಂದ. ನಾ ಹೇಳಲಿಲ್ಲ."

"ಯಾಕ ಹೇಳಲಿಲ್ಲ?" ಎಂದು ಕೇಳಲು ಸುಂದರಾಬಾಯಿ ಬಾಯಿ ತೆರೆದಳು. ಉತ್ತರ ತನಗೇ ಗೊತ್ತಿತ್ತು, ಬಾಯಿ ಮುಚ್ಚಿಕೊಂಡಳು.

ಕೌದಿಯನ್ನು ದಿಲಶಾದಬಿಯ ಆಡಿಗೆ ಹಾಸಲು ಕೊಟ್ಟರು. ಹಿತ್ತಲಿನ ಒಲೆಗೆ ಮತ್ತೆ ಕಟ್ಟಿಗೆ ಬಂತು, ಈ ಸಲ ಕಟ್ಟಿಗೆ ಒಡೆದವನು ದತ್ತಾತ್ರಿ. ಬೆಳಕಿಂಡಿ ತೆರೆದೇ ಉಳಿಯಿತು. ಬಾಗಿಲಿಗೆ ಹೊಸ ಚಿಲಕ ಹಾಕಿಸಲಿಲ್ಲ. ಆದರೆ ಭಯ ಆ ಮನೆಯಿಂದ ಹೋಗಲಿಲ್ಲ. ಕೂಸು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೂ ಯಾರಾದರೊಬ್ಬರು ಬಂದು ಅದರ ಮೂಗಿನ ಕೆಳಗೆ ಬೆರಳು ಹಿಡಿಯುವರು. ಅದು ಎದ್ದು ರಂಪ ಮಾಡಿದರೆ ಮನೆಯವರಿಗೆಲ್ಲ ನೆಮ್ಮದಿ. ಬಚ್ಚಲಿಗೆ ಯಾರೇ ಹೋಗಲಿ, ಸುಂದರಾಬಾಯಿ ಹೊರಗೆ ಮಣೆ ಹಾಕಿಕೊಂಡು ಕೂಡುವಳು. ನಾಮಸ್ಮರಣೆ ನಡುವೆ ನಿಲ್ಲಿಸಿ ಕೇಳುವಳು, "ಅದೀಯೇನು?" ಒಳಗಿನಿಂದ "ಅದೀನಿ," ಎಂದು ಬರಬೇಕು. ಕಚೇರಿಗೆ ತಡವಾಗುತ್ತಿದ್ದ ದತ್ತಾತ್ರಿಯೂ ಸಾಬೂನು ಹಚ್ಚಿದ ಬಾಯಿಂದ ಹೇಳಲೇಬೇಕು.

ತೊಟ್ಟಿಲ ಕಾರ್ಯ ಮುಗಿದು ತುಳಸಾ ಮುಂಡರಗಿಗೆ ಹೊರಡುವ ದಿನ ಬಂತು. ಗೋಪಾಲ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಜಾನಕೀಬಾಯಿ ಬುತ್ತಿಗೆಂದು ಭಕ್ಕರಿ ಬಡಿಯುತ್ತಿದ್ದಳು. ಬಚ್ಚಲಲ್ಲಿ ತುಳಸಾ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು.

"ತುಳಸಾ, ಅದೀಯೇನ ತಂಗಿ?" ಎಂದಳು ಅಜ್ಜಿ.

ಒಳಗೆ ನೀರಿನ ಸದ್ದು. ಉತ್ತರ ಬರಲಿಲ್ಲ. ಭಕ್ಕರಿ ಬಡಿಯುವ ಕೈ ನಿಂತಿತು. ಹಿತ್ತಲಲ್ಲಿ ಕೊಡಲಿಯ ಸದ್ದು ನಿಂತಿತು. ಸುಂದರಾಬಾಯಿ ಮಣೆಯಿಂದ ಅರ್ಧ ಎದ್ದು ಬಾಗಿಲ ಮೇಲೆ ಅಂಗೈ ಇಟ್ಟಳು.

"ಅದೀನಿ ಅಜ್ಜಿ. ಕಿವ್ಯಾಗ ನೀರು ಹೋಗಿತ್ತು."

ಅಜ್ಜಿ ಮತ್ತೆ ಮಣೆಯ ಮೇಲೆ ಕೂತಳು. ಅಡಿಗೆಮನೆಯಲ್ಲಿ ಜಾನಕೀಬಾಯಿ ಹಂಚಿನ ಮೇಲಿನ ಭಕ್ಕರಿಯನ್ನು ತಿರುವಿ ಹಾಕಿದಳು.